ಮೇಸ್ತ್ರಿಯ ಪರವಾಗಿ

ನಮ್ಮ ಅಣ್ಣ ಗಾರೆ ಕೆಲಸದ ಮೇಸ್ತ್ರಿ. ಗೋಡೆ ಕಟ್ಟುವುದರಲ್ಲಿ ಅವನ ಕೈ ಎಷ್ಟು ನೇರವೋ ಬಾಯಿ ಅಷ್ಟೇ ಒರಟು. ಅವನು ಮಾತಾಡಿ ಬಂದ ಮನೆಗೆಲ್ಲ ಹಿಂದೆಯೇ ಹೋಗಿ ಸಮಾಧಾನ ಮಾಡಿ ಬರುವುದೇ ಸಂಸಾರ ಎಂದು ಅತ್ತಿಗೆಗೆ ಮದುವೆಯಾದ ಹೊಸತರಲ್ಲೇ ಗೊತ್ತಾಗಿತ್ತು. ನಾನು ವೈರಿಂಗ್ ಕೆಲಸದವನು, ಅವನ ಜೊತೆ ಎಷ್ಟೋ ಮನೆಗಳಲ್ಲಿ ದುಡಿದಿದ್ದೇನೆ. ಮನೆ ಯಜಮಾನರು ಮುಖ ಕೆಂಪಗೆ ಮಾಡಿಕೊಂಡು ಒಳಗೆ ಹೋದರೆ, ಸಂಜೆ ಇವರಿಗೆ ಅತ್ತಿಗೆಯ ಫೋನ್ ಬರುತ್ತದೆ ಬಿಡು ಎಂದು ನಾವು ನಗುತ್ತಿದ್ದೆವು.

ಆಮೇಲೆ ಮನೆ ಕಟ್ಟುವವರದೂ ಹಿತ್ತಿಲು ಚಂದ ಮಾಡಿಕೊಳ್ಳುವವರದೂ ಒಂದು ಗ್ರೂಪ್ ಫೋನಿನಲ್ಲಿ ಶುರುವಾಯಿತು. ಅರ್ಧ ಜನ ನಮ್ಮಂಥ ಕೆಲಸದವರು. ಇನ್ನರ್ಧ, ರಜೆ ಸಿಕ್ಕ ಕೂಡಲೇ ಸನಿಕೆ ಹಿಡಿದು, ಸನಿಕೆ ಹಿಡಿದ ಕೂಡಲೇ ಫೋಟೊ ಹಾಕುವ ಹವ್ಯಾಸಿಗಳು. ಒಬ್ಬರು ಕೊಳ ತೋಡುತ್ತಾರೆ, ಮತ್ತೊಬ್ಬರು ಒಡೆದ ಟೈಲ್ಸ್ ಚೂರಿನಲ್ಲಿ ಕಾಲುದಾರಿ ಮಾಡುತ್ತಾರೆ, ಎಲ್ಲರೂ ಎಲ್ಲರಿಗೂ ಭಲೇ ಎನ್ನುತ್ತಾರೆ. ಅಣ್ಣನಿಗೆ ಟೈಪ್ ಮಾಡುವ ತಾಳ್ಮೆ ಎಲ್ಲಿಂದ ಬರಬೇಕು? ಅವನು ಹೇಳುತ್ತಿದ್ದ, ಅತ್ತಿಗೆ ಬರೆಯುತ್ತಿದ್ದರು. "ಆ ಕತ್ತೆಗೆ ಹೇಳು, ಅವನು ಕಟ್ಟಿರೋದು ಮೆಟ್ಟಿಲಲ್ಲ, ಹಲ್ಲು ಉದುರಿಸೋ ಯಂತ್ರ ಅಂತ" ಎಂದು ಇವನು ಹೇಳಿದರೆ, ಅಲ್ಲಿ "ಮೆಟ್ಟಿಲು ಚೆನ್ನಾಗಿದೆ, ಎತ್ತರ ಒಂದೇ ಸಮ ಇದ್ದರೆ ಇನ್ನೂ ಚೆನ್ನ" ಎಂದು ಮೂಡುತ್ತಿತ್ತು. ಅಣ್ಣನಿಗೂ ಇದು ಗೊತ್ತಿತ್ತು. ಅದಕ್ಕೇ ಅಪಾಯದ ಕೆಲಸವೆನಿಸಿದರೆ ಆಮೇಲೆ ತಾನೇ ಫೋನ್ ಮಾಡಿ ಅವರ ಜನ್ಮ ಜಾಲಾಡುತ್ತಿದ್ದ. ಅತ್ತಿಗೆ ಬೆಣ್ಣೆ ಸವರಬೇಕು, ಅಣ್ಣ ಖಾರ ಹಾಕಬೇಕು, ಎರಡೂ ಸೇರಿದರೆ ಒಂದು ಉತ್ತರ. ಮೇಸ್ತ್ರಿ ಏನಂತಾರೆ ಎಂದು ಕೇಳದೆ ಆ ಗ್ರೂಪಿನಲ್ಲಿ ಸಿಮೆಂಟ್ ಚೀಲ ಬಿಚ್ಚುವವರೇ ಇರಲಿಲ್ಲ.

ಹೋದ ವರ್ಷ ಅಣ್ಣನಿಗೆ ಲಕ್ವಾ ಹೊಡೆಯಿತು. ಬಲಗೈ, ಬಲಗಾಲು ಬಿದ್ದುಹೋದವು. ಮಾತು ಪೂರ್ತಿ ನಿಂತಿತು. ಬುದ್ಧಿ ಮಾತ್ರ ಹಾಗೇ ಇದೆ, ಅದೇ ಸಂಕಟ. ಎಡಗೈಯಿಂದ ಮಂಚದ ಕಬ್ಬಿಣದ ಪಟ್ಟಿ ಬಡಿಯುತ್ತಾನೆ. ಒಂದು ಸಲ ಬಡಿದರೆ ಹೌದು, ಎರಡು ಸಲ ಬಡಿದರೆ ಬೇಡ. ಆಸ್ಪತ್ರೆಯಿಂದ ಬಂದ ಮೇಲೆ ಎಲ್ಲದಕ್ಕೂ ಎರಡೇ ಸಲ. ಊಟ ಬೇಡ, ಔಷಧಿ ಬೇಡ, ಕಿಟಕಿ ತೆರೆಯುವುದೂ ಬೇಡ. ಹೀಗಿರುವಾಗ ಒಂದು ಸಂಜೆ ಗ್ರೂಪಿನಲ್ಲಿ ಯಾರೋ ಇಟ್ಟಿಗೆಯ ಫೋಟೊ ಹಾಕಿ, ಮೇಸ್ತ್ರಿ, ಇದು ಆಗುತ್ತದಾ ಎಂದು ಕೇಳಿದ್ದರು. ಅತ್ತಿಗೆ ಸುಮ್ಮನೆ ಓದಿ ಹೇಳಿದರು. ಅಣ್ಣ ಕತ್ತು ತಿರುಗಿಸಿ ಫೋಟೊವನ್ನು ಚೆನ್ನಾಗಿ ನೋಡಿ, ಒಂದು ಸಲ ಬಡಿದ. ಆವತ್ತು ತಟ್ಟೆ ಖಾಲಿ ಮಾಡಿದ.

"ಇವರಿಗೆ ಹೀಗಾಗಿದೆ ಅಂತ ಗ್ರೂಪಲ್ಲಿ ಯಾರಿಗೂ ಹೇಳಬೇಡ ಕಣೋ," ಅಂದರು ಅತ್ತಿಗೆ. "ಅಯ್ಯೋ ಪಾಪ ಅಂತ ಶುರು ಮಾಡ್ತಾರೆ. ಆಮೇಲೆ ಒಂದು ಪ್ರಶ್ನೆನೂ ಬರಲ್ಲ. ಈ ಮನುಷ್ಯ ಬದುಕಿರೋದೇ ಆ ಪ್ರಶ್ನೆಗಳ ಮೇಲೆ."

ನನಗೂ ಹೌದೆನಿಸಿತು. ಯಾರಾದರೂ ಫೋನ್ ಮಾಡಿದರೆ ಗಂಟಲು ಕೆಟ್ಟಿದೆ ಎಂದು ನಾನೇ ಸುಳ್ಳು ಹೇಳುತ್ತಿದ್ದೆ. ಅಣ್ಣನ ಒಂದೊಂದು ಬಡಿತವನ್ನೂ ಅತ್ತಿಗೆ ನಾಲ್ಕು ಸಾಲು ಮಾಡಿ ಬರೆಯುತ್ತಿದ್ದರು. ಅವನು ಯಾಕೆ ಬೇಡ ಅನ್ನುತ್ತಾನೆ, ಯಾಕೆ ಹೌದು ಅನ್ನುತ್ತಾನೆ ಎಂಬುದು ವರ್ಷಗಟ್ಟಲೆ ಬರೆದು ಬರೆದು ಅವರಿಗೆ ಬಾಯಿಪಾಠವಾಗಿತ್ತು. ಬೆಣ್ಣೆ ಸವರುವ ಕೈಯೊಂದೇ ಉಳಿದಿದೆ, ಬೈದು ಫೋನ್ ಮಾಡುವವರು ಯಾರೂ ಇಲ್ಲ ಎಂಬುದು ಮಾತ್ರ ನಮ್ಮಿಬ್ಬರ ತಲೆಗೂ ಹೊಳೆಯಲಿಲ್ಲ.

ಗ್ರೂಪಿನಲ್ಲಿ ಬ್ಯಾಂಕ್ ಸಾಹೇಬರು ಎಂದು ಒಬ್ಬರಿದ್ದರು. ಊರಿನ ಆ ಕಡೆ ಅವರ ಮನೆ, ಹಿತ್ತಿಲು ತಗ್ಗು. ಕಾಂಪೌಂಡ್ ಗೋಡೆಗೆ ತಾಗಿದಂತೆ ಎದೆಮಟ್ಟಕ್ಕೆ ಮಣ್ಣು ತುಂಬಿಸಿ, ಮೇಲೆ ಹುಲ್ಲು ಹಾಸಿ, ಕಲ್ಲಿನ ಬೆಂಚು ಹಾಕಿ ಕಾಫಿ ಕುಡಿಯಬೇಕೆಂಬುದು ಅವರ ಬಹುದಿನದ ಆಸೆ. ಮಾಡಬಹುದಾ ಮೇಸ್ತ್ರಿ ಎಂದು ಅವರು ಹಾಕಿದ ಫೋಟೊದಲ್ಲಿ ನೋಡಿದರೆ ಗೋಡೆ ಹಳೆಯದು, ತೆಳ್ಳಗಿನದು. ಮರೆಗೆಂದು ಕಟ್ಟಿದ್ದೇ ಹೊರತು ಮಣ್ಣು ತಡೆಯಲು ಕಟ್ಟಿದ್ದಲ್ಲ. ಅಣ್ಣ ಎರಡು ಸಲ ಬಡಿದ. ಮತ್ತೆ ಎರಡು ಸಲ ಬಡಿದ. ಅತ್ತಿಗೆ ಬರೆದರು: "ಒಳ್ಳೆಯ ಯೋಜನೆ. ಗೋಡೆಯ ಮೇಲೆ ಭಾರ ಹೆಚ್ಚಾಗದಂತೆ ಸ್ವಲ್ಪ ನೋಡಿಕೊಂಡು ಮಾಡಿದರೆ ಒಳಿತು."

ಸಾಹೇಬರು ಸ್ವಲ್ಪ ನೋಡಿಕೊಂಡರು, ಮಾಡಿದರು. ಹಸಿರು ಹುಲ್ಲಿನ ಮೇಲೆ ಬೆಂಚಿನ ಫೋಟೊ ಬಂತು, ಕೆಳಗೆ ಮೇಸ್ತ್ರಿಯವರಿಗೆ ವಂದನೆ. ಗ್ರೂಪಿನವರು ಹೊಗಳಿದ್ದೇ ಹೊಗಳಿದ್ದು. ಅತ್ತಿಗೆ ಅದನ್ನು ಅಣ್ಣನಿಗೆ ತೋರಿಸಲಿಲ್ಲ. "ಇಷ್ಟು ಜನ ಚೆನ್ನಾಗಿದೆ ಅಂತಿದ್ದಾರಲ್ಲ, ಏನಾಗಲ್ಲ ಅಲ್ವೇನೋ?" ಎಂದು ನನ್ನನ್ನು ಕೇಳಿದರು. ವೈರಿಂಗ್ ಕೆಲಸದವನಿಗೆ ಗೋಡೆಯ ಗುಟ್ಟೇನು ಗೊತ್ತು? ಏನಾಗಲ್ಲ ಬಿಡಿ ಅತ್ತಿಗೆ, ಅಂದೆ.

ಎರಡು ದೊಡ್ಡ ಮಳೆ ಬಿದ್ದ ಮೇಲೆ ಸಾಹೇಬರು ಇನ್ನೊಂದು ಫೋಟೊ ಹಾಕಿದರು, ಈ ಸಲ ಗೋಡೆಯ ಹೊರಗಿನಿಂದ. "ಸಣ್ಣ ಬಿರುಕು ಕಾಣಿಸ್ತಿದೆ. ಪುಟ್ಟಿ ಹಾಕಿದ್ರೆ ಸಾಕಾ ಮೇಸ್ತ್ರಿ?" ಬಿರುಕು ಹಾಳಾಗಲಿ, ಗೋಡೆಯೇ ಹೊಟ್ಟೆ ಮುಂದೆ ಬಿಟ್ಟುಕೊಂಡು ನಿಂತಿತ್ತು. ಅದಕ್ಕೆ ಒರಗಿದಂತೆ ಪಕ್ಕದ ಮನೆಯ ತಗಡಿನ ಚಪ್ಪರ. ಚಪ್ಪರದಡಿ ಹೆಂಗಸೊಬ್ಬಳು ಗೋಡೆಗೆ ಬೆನ್ನು ಹಾಕಿ ಹೊಲಿಗೆ ಮಷೀನ್ ತುಳಿಯುತ್ತಿದ್ದಳು. ಫೋಟೊ ತೋರಿಸಿದಾಗ ಅಣ್ಣ ಒಂದು ಸಲವೂ ಅಲ್ಲ, ಎರಡು ಸಲವೂ ಅಲ್ಲ, ಬಡಿಯುವುದನ್ನು ನಿಲ್ಲಿಸಲೇ ಇಲ್ಲ.

ಅಣ್ಣನ ಹತ್ತಿರ ಅವನ ನೆರೆಮನೆಯವರೊಬ್ಬರನ್ನು ಕೂರಿಸಿ, ಅತ್ತಿಗೆಯನ್ನು ಸ್ಕೂಟರಿನಲ್ಲಿ ಕರೆದುಕೊಂಡು ಹೋದೆ. ಅವರು ಸಾಹೇಬರ ಮನೆಗೆ ಹೋಗಲಿಲ್ಲ, ಸೀದಾ ಚಪ್ಪರಕ್ಕೆ ನುಗ್ಗಿದರು. "ಏಳಮ್ಮ, ಮೊದಲು ಏಳು, ಆಮೇಲೆ ಹೇಳ್ತೀನಿ." ನಾನೂ ಹೊಲಿಗೆಯಾಕೆಯೂ ಸೇರಿ ಮಷೀನನ್ನು ರಸ್ತೆಗೆ ಹೊತ್ತು ತಂದೆವು. ಅಷ್ಟರಲ್ಲಿ ಸಾಹೇಬರು ಹೊರಗೆ ಬಂದರು.

"ಹಿತ್ತಿಲಿಗೆ ಮಾತ್ರ ಮಣ್ಣು ತುಂಬಿಸಿದ್ರಾ, ತಲೆಗೂ ತುಂಬಿಸಿಕೊಂಡಿದ್ದೀರಾ?" ಅತ್ತಿಗೆಯ ಬಾಯಲ್ಲಿ ಇಂಥ ಮಾತು ನಾನು ಕೇಳಿದ್ದು ಅದೇ ಮೊದಲು. "ಅದು ನಿಮ್ಮ ಕಾಫಿ ಬೆಂಚಲ್ಲ, ಈಯಮ್ಮನ ಗೋರಿ. ಆಳು ಕರೆಸಿ ಈಗಲೇ ಮಣ್ಣು ತೆಗೆಸಿ." ಅಣ್ಣನಿಗೆ ಬಾಯಿ ಬಂದ ಹಾಗಿತ್ತು.

ಸಾಹೇಬರು ಕೆಟ್ಟವರಲ್ಲ. ಬಿಳಿಚಿಕೊಂಡು ತಕ್ಷಣ ಆಳುಗಳಿಗೆ ಫೋನ್ ಮಾಡಿದರು. ಆಮೇಲೆ ಅದೇ ಫೋನನ್ನು ಅತ್ತಿಗೆಯ ಮುಂದೆ ಹಿಡಿದರು. "ಮೇಸ್ತ್ರಿಯವರನ್ನ ಕೇಳಿಯೇ ಮಾಡಿದ್ದು ನಾನು. ನೋಡಿ ಅಮ್ಮ, ಇದರಲ್ಲಿ ಬೇಡ ಅಂತ ಎಲ್ಲಿದೆ?"

ಅತ್ತಿಗೆ ತಾವೇ ಬರೆದದ್ದನ್ನು ನಿಂತು ಓದಿದರು. ಬೇಡ ಅಂತ ಎಲ್ಲೂ ಇರಲಿಲ್ಲ. ಅವರ ಮುಖ ನೋಡಲಾಗದೆ ನಾನು ಬೇರೆ ಕಡೆ ತಿರುಗಿದೆ.

ಆಳುಗಳು ಒಳಗಿನಿಂದ ಮಣ್ಣು ಎತ್ತುತ್ತಿದ್ದಾಗಲೇ ಗೋಡೆಯ ಮಧ್ಯಭಾಗ ಹೊರಕ್ಕೆ ಮಗುಚಿತು. ಚಪ್ಪರದ ತಗಡು ಕಾಗದದ ಹಾಗೆ ಮಡಚಿಕೊಂಡಿತು. ಹೊಲಿಗೆಯಾಕೆಯ ಕುರ್ಚಿ ಇಟ್ಟಿಗೆಯಡಿ ಪುಡಿಯಾಯಿತು. ಆಕೆ ರಸ್ತೆಯಲ್ಲಿ ಮಷೀನಿನ ಮೇಲೆ ಕೈಯಿಟ್ಟು ನೋಡುತ್ತಾ ನಿಂತಿದ್ದಳು.

ವಾಪಸ್ ಬರುವಾಗ ಅತ್ತಿಗೆ ಹಿಂದಿನ ಸೀಟಿನಿಂದ ಹೇಳಿದರು. "ಇವರದ್ದೇನೋ ಫೋಟೊ ಬಂತು, ಹೋದೆವು. ಇನ್ನೂ ಎಷ್ಟು ಜನಕ್ಕೆ ಹೀಗೆ ಬರೆದಿದ್ದೀನೋ. ನೀರಿನ ತೊಟ್ಟಿ, ಉಯ್ಯಾಲೆ ಕಂಬ, ಮಾಳಿಗೆ ಮೇಲೆ ಮಣ್ಣು. ಎಲ್ಲರಿಗೂ ಹೇಳಿಬಿಡ್ತೀನಿ ಕಣೋ."

"ಅಣ್ಣನ ಗತಿ?" ಅಂದೆ.

ಮನೆಗೆ ಬಂದವರೇ ಮಂಚದ ಪಕ್ಕ ಕೂತು ಬರೆದರು, ಬರೆದದ್ದನ್ನು ಅವನಿಗೆ ಓದಿದರು. "ಮೇಸ್ತ್ರಿಯವರಿಗೆ ಲಕ್ವಾ ಹೊಡೆದು ಮಾತು ಹೋಗಿದೆ. ಹೋದ ವರ್ಷದಿಂದ ಇಲ್ಲಿ ಉತ್ತರ ಬರೆದವಳು ನಾನು, ಅವರ ಹೆಂಡತಿ. ಅವರು ಬೇಡ ಅಂದದ್ದನ್ನೂ ನಾನು ಮೆತ್ತಗೆ ಬರೆದಿದ್ದೇನೆ. ಆ ಮಾತು ನಂಬಿ ಏನಾದರೂ ಕಟ್ಟಿದ್ದರೆ, ತಿಳಿದವರನ್ನು ಕರೆಸಿ ಇವತ್ತೇ ತೋರಿಸಿ."

ಅಣ್ಣ ಎರಡು ಸಲ ಬಡಿದ.

"ರೀ, ಯಾರಾದರೂ ಸಾಯ್ತಾರೆ."

ಮತ್ತೆ ಎರಡು ಸಲ. ಕಣ್ಣಲ್ಲಿ ನೀರು ಇಳಿಯುತ್ತಿತ್ತು. ಗೋಡೆ ಬಿದ್ದರೆ ಬೀಳಲಿ ಎನ್ನುವವನಲ್ಲ ನಮ್ಮಣ್ಣ, ಅದು ನನಗೆ ಗೊತ್ತು. ಆದರೆ ಆ ಗ್ರೂಪಿನಲ್ಲಿ ಅವನು ಇನ್ನೂ ಎದ್ದು ನಿಂತ ಮನುಷ್ಯ. ಅದೊಂದನ್ನು ಬಿಟ್ಟುಬಿಡು ಎಂದು ಹೆಂಡತಿಯನ್ನು ಬೇಡುತ್ತಿದ್ದ. ಇಷ್ಟು ವರ್ಷ ಅತ್ತಿಗೆ ಅವನ ಮಾತನ್ನು ಮೆತ್ತಗೆ ಮಾಡಿದ್ದುಂಟು, ಅವನು ಕಳಿಸಬೇಡ ಅಂದದ್ದನ್ನು ಕಳಿಸಿದ್ದಿಲ್ಲ. ಆವತ್ತು ಕಳಿಸಿದರು.

ಅಯ್ಯೋ ಪಾಪಗಳ ಸುರಿಮಳೆಯಾಯಿತು. ಮಾಳಿಗೆಯ ಮಣ್ಣು ಇಳಿಸಿದೆವು ಎಂದು ಒಬ್ಬರು, ಉಯ್ಯಾಲೆ ಬಿಚ್ಚಿದೆವು ಎಂದು ಇನ್ನೊಬ್ಬರು ಬರೆದರು. ಆಮೇಲೆ ಅತ್ತಿಗೆ ಹೇಳಿದ ಹಾಗೇ ಆಯಿತು, ಪ್ರಶ್ನೆಗಳು ನಿಂತವು. ಅಣ್ಣ ಅತ್ತಿಗೆಯ ಕೈಯಿಂದ ಒಂದು ತುತ್ತೂ ತಿನ್ನುತ್ತಿಲ್ಲ. ಬೆಳಗ್ಗೆ, ಸಂಜೆ ನಾನೇ ಹೋಗಿ ಉಣ್ಣಿಸುತ್ತೇನೆ. ಒಮ್ಮೊಮ್ಮೆ ಆ ಎಡಗೈಯನ್ನು ಹಿಡಿದು ಅಲ್ಲಾಡಿಸಿ ಬೈಯಬೇಕೆನಿಸುತ್ತದೆ. ಅವನ ಮುಖ ನೋಡಿ ಇನ್ನೊಂದು ತುತ್ತು ಕಲಸುತ್ತೇನೆ.

ಮೊನ್ನೆ ಉಣ್ಣಿಸುತ್ತಿದ್ದಾಗ ಗ್ರೂಪಿಗೆ ಹೊಸದಾಗಿ ಸೇರಿದ ಯಾರೋ, ಏನೂ ತಿಳಿಯದವರು, ಒಂದು ಪ್ರಶ್ನೆ ಹಾಕಿದರು. ಬಾವಿಯ ಹಳೆಯ ಕಟ್ಟೆಯ ಮೇಲೆ ಹೂವಿನ ತೊಟ್ಟಿ ಕಟ್ಟಬಹುದಾ ಮೇಸ್ತ್ರಿ, ಎಂದು. ಅತ್ತಿಗೆ ಅಡುಗೆಮನೆಯಿಂದ ಕೈ ಒರೆಸಿಕೊಳ್ಳುತ್ತಾ ಓಡಿ ಬಂದರು, ಗಟ್ಟಿಯಾಗಿ ಓದಿದರು, ಫೋಟೊವನ್ನು ಅವನ ಕಣ್ಣ ಮುಂದೆ ಹಿಡಿದರು. ಅಣ್ಣ ಫೋಟೊವನ್ನು ನೋಡಿದ. ಆಮೇಲೆ ಹೆಂಡತಿಯನ್ನು ನೋಡಿದ. ಕೈ ಪಟ್ಟಿಯ ಪಕ್ಕದಲ್ಲೇ ಇತ್ತು, ಅಲುಗಲಿಲ್ಲ. ಫೋನ್ ಹಿಡಿದ ತೋಳನ್ನು ಅತ್ತಿಗೆ ಇಳಿಸಲಿಲ್ಲ. ತಟ್ಟೆಯಲ್ಲಿ ಅನ್ನ ಆರಿತು.

ಕೊನೆಗೆ ಅಲ್ಲೇ ನೆಲದ ಮೇಲೆ ಕೂತು, ಅವನಿಗೆ ಕೇಳುವ ಹಾಗೆ ಒಂದೊಂದೇ ಪದ ಹೇಳಿಕೊಂಡು ಬರೆದು ಕಳಿಸಿದರು: "ಮೇಸ್ತ್ರಿ ಉತ್ತರ ಕೊಡಲಿಲ್ಲ."