ಕೂಸಿನ ಎದೆ ಹಿಂಡಿದ ಕೈ

ಕಾಯಿಸಿದ ಹರಳೆಣ್ಣೆಯ ವಾಸನೆಗೆ ನಿಮಗೆ ಬಾಣಂತನ ನೆನಪಾಗಬಹುದು. ನನಗೆ ಕೀವು ನೆನಪಾಗುತ್ತದೆ. ಇವತ್ತು ಬೆಳಿಗ್ಗೆ ಮಗಳ ಹೆಣ್ಣುಕೂಸಿಗೆ ನೀರು ಹಾಕಲು ಬಚ್ಚಲಲ್ಲಿ ಕಾಲು ಚಾಚಿ ಕೂತಾಗಲೂ ಹಾಗೇ ಆಯಿತು.

ಆ ಮಗಳು ಹುಟ್ಟಿದ್ದು ಇದೇ ಅಜ್ಜಂಪುರದ ಮನೆಯಲ್ಲಿ. ನನಗೆ ತಾಯಿ ಇರಲಿಲ್ಲ. ಅತ್ತೆಯೇ ಬಾಣಂತನ ಮಾಡಿದರು. ಅದನ್ನು ಈಗಲೂ ಉಪಕಾರವೆಂದೇ ಎಣಿಸುತ್ತೇನೆ. ಕೂಸಿಗೆ ನೀರು ಹಾಕುವುದರಲ್ಲಿ ಅವರ ಕೈ ಊರಿಗೇ ಹೆಸರುವಾಸಿ. ಹುಟ್ಟಿದ ಕೂಸಿನ ಎದೆ ಕೆಲವು ದಿನ ಉಬ್ಬಿ, ತೊಟ್ಟಿನಿಂದ ಹಾಲು ಒಸರುವುದನ್ನು ನೀವೂ ನೋಡಿರುತ್ತೀರಿ. ಬಿಟ್ಟರೆ ತಾನೇ ಇಳಿಯುತ್ತದೆ. ನಮ್ಮ ಕಡೆಯವರು ಬಿಡುವವರಲ್ಲ. ಅತ್ತೆ ದಿನವೂ ಹೆಬ್ಬೆರಳೊತ್ತಿ ಹಿಂಡುತ್ತಿದ್ದರು.

"ಹೆಣ್ ಕೂಸು ಕಣೇ. ಈಗ್ ಹಿಂಡ್ದೇ ಇದ್ರೆ ಗಡ್ಡೆ ಕಟ್ಟುತ್ತೆ, ನಾಳೆ ಹೆತ್ತಾಗ ಹಾಲಿಳಿಯಲ್ಲ."

ನಾನು ಸಾಂಬ್ರಾಣಿ ಹೊಗೆಯಲ್ಲಿ ಬೆಚ್ಚಗೆ ಹೊದ್ದು, ಎಂಥ ಅತ್ತೆ ಸಿಕ್ಕಿದರಪ್ಪಾ ಎಂದು ಹಿಗ್ಗುತ್ತಿದ್ದೆ.

ಎಡದ ಎದೆ ಕೆಂಪಾಯಿತು, ಮುಟ್ಟಿದರೆ ಸುಡುತ್ತಿತ್ತು. ಅತ್ತೆ ದೃಷ್ಟಿಯೆಂದು ಮೆಣಸಿನಕಾಯಿ ನಿವಾಳಿಸಿ, ಅರಿಸಿನ ಮೆತ್ತಿ, ಇನ್ನೂ ಒತ್ತಿ ಹಿಂಡಿದರು. ಕೆಂಪು ಕಂಕುಳಿಗೆ ಹರಡಿ ಚರ್ಮ ಕಪ್ಪಿಟ್ಟಿತು. ಕೂಸು ಹಾಲು ಕುಡಿಯುವುದನ್ನೂ ಅಳುವುದನ್ನೂ ಬಿಟ್ಟಿತು. ತೊಟ್ಟಿಲ ಶಾಸ್ತ್ರವಾಗದೆ ಕೂಸು ಹೊಸಿಲು ದಾಟಬಾರದೆಂದು ಅತ್ತೆ ಬಾಗಿಲಿಗಡ್ಡ ಕೂತರು. ತಾಯಿಗೆ ಎಂದೂ ಎದುರಾಡದ ನಮ್ಮ ಯಜಮಾನರು ಸದ್ದಿಲ್ಲದೆ ಹಿತ್ತಿಲಲ್ಲಿ ಗಾಡಿ ಕಟ್ಟಿದರು. ಕೂಸನ್ನು ಹೊರತಂದ ಹಿತ್ತಿಲ ಬಾಗಿಲಿಗೆ ಹೊಸಿಲಿರಲಿಲ್ಲ; ಶಾಸ್ತ್ರವೂ ಉಳಿಯಿತು.

ತರೀಕೆರೆಯ ಡಾಕ್ಟರು ಕೊಯ್ದು ಕೀವು ತೆಗೆದು, ಸತ್ತ ಮಾಂಸ ಕತ್ತರಿಸಿ, ಯಾರು ಹಿಂಡಿದ್ದೆಂದು ಕೇಳಿದರು. ಯಜಮಾನರು ಔಷಧದ ಚೀಟಿಗೆ ಕೈ ಚಾಚಿದರು.

ಕೂಸು ಬದುಕಿತು. ಅತ್ತೆ ಅಮೃತಾಪುರದ ಈಶ್ವರನಿಗೆ ಕಾಯಿ ಒಡೆಸಿದರು. ನಾನೂ ಮನಸಾರೆ ಕೈಮುಗಿದೆ. ಹಿಂಡಿದ ಕೈಯನ್ನು ಮಾತ್ರ ಯಾರೂ ಏನೂ ಅನ್ನಲಿಲ್ಲ. ಅದು ಮತ್ತೆ ಊರ ಕೂಸುಗಳಿಗೆ ನೀರು ಹಾಕಿತು, ಹಿಂಡಿತು. ಅವುಗಳಲ್ಲಿ ಕೆಲವು ಮಣ್ಣಿಗೆ ಹೋದವು. ಅವಕ್ಕೂ ದೃಷ್ಟಿಯೇ ಆಗಿತ್ತಂತೆ.

ಮಗಳು ದೊಡ್ಡವಳಾದರೂ ಎಡದ ಎದೆ ಬೆಳೆಯಲೇ ಇಲ್ಲ. ಸೆರಗು ಎಳೆದೆಳೆದು ಹೊದೆಯುವುದು ಅವಳಿಗೆ ಅಭ್ಯಾಸವಾಯಿತು. ಬಲಗಡೆ ದೇವರು ಹಾಲು ಕೊಟ್ಟಿದ್ದಾನೆ, ಕೂಸಿಗೆ ಸಾಲುತ್ತಿದೆ. ಇದನ್ನೂ ಎಣಿಸಬೇಕು.

ಇವತ್ತು ನನ್ನ ಕಾಲ ಮೇಲಿದ್ದ ಕೂಸಿನ ಎದೆಯೂ ಉಬ್ಬಿತ್ತು. ಎಣ್ಣೆಯ ಕೈಯನ್ನು ಅಲ್ಲಿ ನಿಲ್ಲಿಸದೆ ದಾಟಿಸಿದೆ. ಬಾಗಿಲಲ್ಲಿ ನಿಂತಿದ್ದ ಮಗಳು ಅಂದಳು:

"ಹಿಂಡವ್ವ. ನಂಗೆ ಅಜ್ಜಿ ಹಿಂಡಿದ್ದಕ್ಕೆ ಒಂದಾದ್ರೂ ಉಳೀತು."

ಅತ್ತೆ ಅವಳಿಗೆ ಹಾಗೆಂದೇ ಹೇಳಿ ಬೆಳೆಸಿದ್ದರು. ತಂಬಿಗೆ ಕೆಳಗಿಟ್ಟು ಕೂಸನ್ನು ಸೆರಗಲ್ಲಿ ಸುತ್ತಿಕೊಂಡೆ.

"ಇಲ್ ಬಾ, ಕೂತ್ಕೋ," ಎಂದೆ. "ಆ ಇನ್ನೊಂದು ಯಾಕೆ ಹೋಯ್ತು ಅಂತ ಹೇಳ್ತೀನಿ."