ಸೋಮವಾರದ ಜಂಗಮರು

ಗುರುಮಲ್ಲಪ್ಪನವರು ಹುಣಸೂರಿನಲ್ಲಿ ಕಾಫಿ ಕ್ಲಬ್ಬು ಇಟ್ಟಿದ್ದರು ಎಂದರೆ ಅರ್ಧ ಸತ್ಯ. ಅವರು ಇಟ್ಟಿದ್ದದ್ದು ಬೈಗುಳದ ಅಂಗಡಿ, ಜೊತೆಗೆ ಕಾಫಿಯೂ ಸಿಗುತ್ತಿತ್ತು. ಹಣೆ ತುಂಬ ವಿಭೂತಿ, ಕೊರಳಲ್ಲಿ ಲಿಂಗವಿಟ್ಟ ಬೆಳ್ಳಿಯ ಕರಡಿಗೆ, ನೋಡಿದವರು ಕೈಮುಗಿಯಬೇಕು. ಬಾಯಿ ತೆರೆದರೆ ಕಿವಿ ಮುಚ್ಚಿಕೊಳ್ಳಬೇಕು. ಗಲ್ಲಾದ ಮುಂದೆ ಕೂತೇ ಅಡುಗೆಮನೆಗೆ ಕೂಗುತ್ತಿದ್ದರು: "ಲೋ, ಚಟ್ನಿಗೆ ಕಾಯಿ ಆಕಿದ್ದೀಯೋ, ಇಲ್ಲ ದೂರದಿಂದ ತೋರಿಸ್ಬುಟ್ಟು ಎತ್ತಿಟ್ಯೋ?" ಗಿರಾಕಿಗಳು ನಗುತ್ತಿದ್ದರು. ಒಳಗಿದ್ದ ನಮಗೆ ನಗು ಎಲ್ಲಿಂದ ಬರಬೇಕು?

ನಾನು ಕಟ್ಟೆಮಳಲವಾಡಿಯವನು, ಎರಡು ಮಕ್ಕಳ ತಂದೆ. ಕ್ಲಬ್ಬಿನಲ್ಲಿ ಎಲೆ ಹಾಕಿ ತಿಂಡಿ ಬಡಿಸುವುದು ನನ್ನ ಕೆಲಸ. ಹಿಟ್ಟು ರುಬ್ಬುವುದಕ್ಕೆ ಪುಟ್ಟಮ್ಮ, ಒಲೆಯ ಮುಂದೆ ನಂಜಪ್ಪ. ನಂಜಪ್ಪನಿಗಿಂತ ಮೊದಲು ಒಂದೇ ವರ್ಷದಲ್ಲಿ ನಾಲ್ಕು ಜನ ಅಡುಗೆಯವರು ಓಡಿಹೋಗಿದ್ದರು. ಒಬ್ಬನಂತೂ ಕೊತ್ತಂಬರಿ ಸೊಪ್ಪು ತರುತ್ತೇನೆಂದು ಹೋದವನು ತಿಂಗಳಾದ ಮೇಲೆ ಸರಗೂರಿನಲ್ಲಿ ಪತ್ತೆಯಾದ. ಇಷ್ಟಾದರೂ ಯಜಮಾನರ ವೇದಾಂತ ಬದಲಾಗಲಿಲ್ಲ. "ಬಯ್ದ್ರೇನೇ ಕಣ್ಲಾ ಕೆಲ್ಸ ಆಗಾದು. ಸುಮ್ಕೆ ಕೂತ್ರೆ ಎತ್ತು ಗಾಡಿ ಎಳೀತದಾ?" ಎನ್ನುತ್ತಿದ್ದರು. ಕೆಟ್ಟವರೇನಲ್ಲ. ನನಗೆ ಚಳಿಜ್ವರ ಬಂದಾಗ ಕಷಾಯ ಹಿಡಿದುಕೊಂಡು ಊರಿನವರೆಗೂ ನಡೆದು ಬಂದಿದ್ದರು. ಅದನ್ನು ಕುಡಿದು ಮುಗಿಸುವವರೆಗೂ ಬೈದರು, ಅದು ಬೇರೆ ಮಾತು.

ಒಂದು ದಿನ ಮಡಿಕೇರಿ ಬಸ್ಸಿನವರೆಲ್ಲ ಬೆಂಚು ತುಂಬ ಕೂತಿದ್ದಾಗ ಯಜಮಾನರು ಗುಡುಗಿದರು: "ಲೋ ನಂಜ, ಇದು ದೋಸೆನೋ, ಹದ ಮಾಡ್ದೇ ಇರೋ ಚರ್ಮಾನೋ?" ನಂಜಪ್ಪ ಈಚೆ ಬಂದ. ಹೆಗಲ ಮೇಲಿನ ವಸ್ತ್ರವನ್ನು ಗೂಟಕ್ಕೆ ಹಾಕಿ, ಗಿರಾಕಿಗಳ ನಡುವೆ ಕೂತುಬಿಟ್ಟ.

"ಒಂದು ದೋಸೆ ಕೊಡಿ ಯಜಮಾನ್ರೇ. ಎಡತೊರೆ ಪಕ್ಕ ಹೊಸ ಪೇಟೆ ಎದ್ದದಲ್ಲ, ಕೃಷ್ಣರಾಜನಗರ, ಅಲ್ಲಿ ಓಟ್ಲಿಗೆ ಕರೀತಾವ್ರೆ. ಬರೋ ಸೋಮ್ವಾರ ಮಧ್ಯಾಹ್ನದ ಬಸ್ಸಿಗೆ ಒಂಟೋಗ್ತೀನಿ."

"ನೀನಿಲ್ದೇ ಇದ್ರೆ ಒಲೆ ಉರಿಯಾಕಿಲ್ವಾ?" ಎಂದು ಯಜಮಾನರು ತಾವೇ ಒಳಗೆ ನುಗ್ಗಿದರು. ಮೊದಲನೆಯ ದೋಸೆ ಕಲ್ಲು ಬಿಟ್ಟು ಏಳಲಿಲ್ಲ. ಎರಡನೆಯದು ಐದು ತುಂಡಾಗಿ ಎದ್ದಿತು. ಅದನ್ನೇ ಎಲೆಯ ಮೇಲೆ ಹಾಕಿಕೊಂಡು ಬಂದು ನಂಜಪ್ಪನ ಮುಂದಿಟ್ಟರು. ಈಗ ಅವನ ಸರದಿ, ಜಾಡಿಸುತ್ತಾನೆ ಎಂದು ನಾವೆಲ್ಲ ಕಿವಿ ನಿಮಿರಿಸಿದೆವು. ನಂಜಪ್ಪ ಒಂದು ತುಂಡು ತಿಂದು, "ಚೆಂದಾಗದೆ. ಮೊದಲ್ನೇ ದಿನ ನನಗೂ ಇಂಗೇ ಬಂದಿತ್ತು," ಎಂದ.

ಅವತ್ತು ಯಜಮಾನರು ಮತ್ತೆ ಯಾರನ್ನೂ ಬೈಯಲಿಲ್ಲ. ಹುಷಾರಿಲ್ಲವೇನೋ ಎಂದು ಪುಟ್ಟಮ್ಮ ಹೆದರಿದಳು.

ಅವರ ಮನೆಯಲ್ಲಿ ಸೋಮವಾರ ಜಂಗಮರನ್ನು ಕರೆದು ಊಟಕ್ಕಿಡುವ ಪದ್ಧತಿ. ಜಂಗಮರು ಉಣ್ಣುವವರೆಗೆ ಮನೆಯವರು ತುತ್ತು ಮುಟ್ಟುವಂತಿಲ್ಲ. ಆ ಸೋಮವಾರ ಬೆಳಿಗ್ಗೆ ನಮ್ಮ ಮೂವರನ್ನೂ ಗಿರಾಕಿಗಳ ಬೆಂಚಿನ ಮೇಲೆ ಸಾಲಾಗಿ ಕೂರಿಸಿ, ಎಲೆ ಹಾಕಿ ತಾವೇ ಬಡಿಸಿದರು. "ಇವತ್ತಿಂದ ಇಲ್ಲಿಗೆ ನೀವೇ ಜಂಗಮ್ರು ಕಣ್ರಲಾ. ಸೋಮ್ವಾರ ನೀವು ಉಂಡ್ಮೇಲೇ ಗಿರಾಕಿಗೆ. ಏನು ಸರಿಯಿಲ್ವೋ ಬಾಯ್ಬುಟ್ಟು ಹೇಳಿ, ನಾನು ಕೇಳಿಸ್ಕತೀನಿ." ಕಂಡವರನ್ನು ಜಂಗಮರೆಂದರೆ ಪಾಪ ಸುತ್ತಿಕೊಳ್ಳುತ್ತದೆ ಎಂದು ಅವರ ಹೆಂಡತಿ ಹೇಳಿದ್ದರಂತೆ. "ಪಾಪ ಬಂದ್ರೆ ಬರ್ಲಿ. ಅಡುಗೆಯವ್ನು ಹೋದ್ರೆ ಇನ್ನೆಲ್ಲಿಂದ ತರಾದು?" ಎಂದರಂತೆ.

ಪುಟ್ಟಮ್ಮನಿಗೆ ಇಷ್ಟೇ ಸಾಕಾಗಿತ್ತು. "ಸಾರಿಗೆ ಉಪ್ಪಿಲ್ಲ. ರುಬ್ಬೋ ಒಳ್ಳು ಮೂಲೇಲಿ ಒಗೆ ತುಂಬ್ಕಂಡು ಕಣ್ಣೇ ಹೋಯ್ತಾ ಅದೆ, ಒಂದು ಕಿಟಕಿ ಇಡ್ಸಿ," ಎಂದು ಶುರು ಮಾಡಿದಳು. ನಂಜಪ್ಪ ತಲೆ ಬಗ್ಗಿಸಿ ಉಣ್ಣುತ್ತಿದ್ದ. ಅವನ ಬಟ್ಟೆಗಂಟು ಕಾಲ ಬಳಿಯೇ ಇತ್ತು.

ಆಗಲೇ ಬರಬೇಕೆ, ತಾಲ್ಲೂಕಿಗೇ ದೊರೆಯಂತಿದ್ದ ಅಮಲ್ದಾರರು! ಇರುವುದೊಂದೇ ಬೆಂಚು. ಅವರ ಜವಾನ "ಏಳ್ರೋ ಮೇಲೆ" ಎಂದ. ಪುಟ್ಟಮ್ಮ ಸೆರಗು ಎಳೆದುಕೊಂಡಳು, ನಂಜಪ್ಪ ಗಂಟಿಗೆ ಕೈ ಹಾಕಿದ. ಯಜಮಾನರು ಅವನ ಹೆಗಲು ಒತ್ತಿ ಕೂರಿಸಿದರು.

"ಜಂಗಮ್ರು ಎಲೆ ಮುಂದೆ ಕುಂತವ್ರೆ ಬುದ್ಧಿ. ಎಬ್ಬಿಸೋ ಅಂಗಿಲ್ಲ. ಒಂದು ಗಳಿಗೆ ನಿಂತ್ಕಳಿ."

ಅಮಲ್ದಾರರು ನಮ್ಮ ಮಸಿ ಹಿಡಿದ ಬಟ್ಟೆಗಳನ್ನು ನೋಡಿ, "ಇವರು ಜಂಗಮರೇನಯ್ಯ?" ಎಂದರು.

"ಸೋಮ್ವಾರ ಮಾತ್ರ ಬುದ್ಧಿ."

ಅಮಲ್ದಾರರಿಗೆ ನಗು ಬರಲಿಲ್ಲ. ತಿರುಗಿ ಹೊರಟುಹೋದರು. ಯಜಮಾನರು ನಂಜಪ್ಪನ ಎಲೆಗೆ ಇನ್ನೊಂದು ಸೌಟು ಸಾರು ಬಿಟ್ಟರು. "ಹೋದ್ರೆ ಹೋಗ್ಲಿ ಬುಡ್ರಲಾ," ಎಂದರು, "ಅಮಲ್ದಾರ್ರು ಬಂದು ದೋಸೆ ಉಯ್ಯಾಕಿಲ್ಲ." ಮಧ್ಯಾಹ್ನದ ಬಸ್ಸು ಬಂದು ಹೋಯಿತು. ನಂಜಪ್ಪ ಹಿಟ್ಟು ಕಲಸುತ್ತಿದ್ದ.

ಬೈಗುಳ ನಿಂತಿತು ಎಂದುಕೊಳ್ಳಬೇಡಿ. ಗಿರಾಕಿಗಳ ಮುಂದೆ ನಿಂತಿತು, ಅಷ್ಟೆ. ಪುಟ್ಟಮ್ಮನಿಗೆ ಕಿಟಕಿ ಬಂತು. ಅಮಲ್ದಾರರು ವರ್ಗವಾಗುವವರೆಗೂ ಎದುರಿನ ಹೋಟೆಲಿನಲ್ಲೇ ಕಾಫಿ ಕುಡಿದರು.

ಹನ್ನೊಂದು ವರ್ಷದ ಮೇಲೆ ನಂಜಪ್ಪನಿಗೆ ಪಿರಿಯಾಪಟ್ಟಣದಲ್ಲಿ ಸ್ವಂತ ಹೋಟೆಲು ಇಡುವ ಆಸೆಯಾಯಿತು. ನನ್ನನ್ನೂ ಕರೆದ. ಹೇಳುವುದಕ್ಕೆ ಇಬ್ಬರಿಗೂ ಧೈರ್ಯವಿಲ್ಲ. ಹೇಗೋ ತಿಳಿದುಕೊಂಡ ಯಜಮಾನರು ಇಬ್ಬರನ್ನೂ ನಿಲ್ಲಿಸಿ ಉಗಿದರು. "ಇಷ್ಟು ವರ್ಷದಿಂದ ಇಲ್ಲೇ ಬಿದ್ದಿದ್ದೀರಲ್ರಲಾ, ನಾಚ್ಕೆ ಆಗಾಕಿಲ್ವಾ?" ಹೊರಡುವ ದಿನ ಪಳಗಿದ ದೋಸೆಕಲ್ಲನ್ನು ತಾವೇ ಗೋಣಿಯಲ್ಲಿ ಸುತ್ತಿ ತಂದು, ಬಸ್ಸಿನ ಮೇಲೆ ಕಟ್ಟಿಸಿದರು. ಗಂಟು ಸರಿಯಿಲ್ಲವೆಂದು ಕ್ಲೀನರನ್ನೂ ಬೈದರು. ನಾನು ಅವರನ್ನು ನೋಡಿದ್ದು ಅದೇ ಕೊನೆ.

ಆಮೇಲೆ ಅವರು ದೋಸೆ ಮಾಡಿಸಲೇ ಇಲ್ಲ. ಹುಣಸೂರಿನ ಕಡೆಯಿಂದ ಬಂದು ನಮ್ಮಲ್ಲಿ ಇಳಿಯುತ್ತಿದ್ದವರು ದಿನಾ ಒಂದೇ ವರದಿ ಒಪ್ಪಿಸುತ್ತಿದ್ದರು: "ಅಲ್ಲಿ ದೋಸೆ ಕೇಳಿದ್ವಿ ಕಣ್ರೀ. ಒಬ್ರು ಯಜಮಾನ್ರು, ಇಲ್ಲೇನು ತಿಂತೀರಿ, ಪಿರಿಯಾಪಟ್ಟಣದಲ್ಲಿ ನಮ್ಮ ನಂಜ ಅವ್ನೆ, ಅಲ್ಲೋಗಿ ತಿನ್ನಿ ಅಂತ ಬಯ್ದು ಕಳಿಸಿದ್ರು." ನಂಜಪ್ಪ ಅಂಥವರಿಗೆ ಒಂದು ದೋಸೆ ಹೆಚ್ಚಿಗೆ ಹಾಕುತ್ತಿದ್ದ.

ಹೀಗೇ ಎರಡು ವರ್ಷ ನಡೆಯಿತು. ಒಂದು ಬೆಳಿಗ್ಗೆ ಬಸ್ಸಿಳಿದವರು ಸುಮ್ಮನೆ ಬಂದು ಕೂತು ಕಾಫಿ ಕೇಳಿದರು. ಇಡ್ಲಿ ಕೇಳಿದರು. ಯಜಮಾನರು ಬೈದು ಕಳಿಸಿದರೆಂದು ಯಾರೂ ಹೇಳಲಿಲ್ಲ. ಸೌಟು ಹಿಡಿದು ಬಾಗಿಲಿಗೆ ಬಂದ ನಂಜಪ್ಪ ಒಬ್ಬೊಬ್ಬರ ಮುಖವನ್ನೂ ನೋಡಿದ. ಡ್ರೈವರು ಟೋಪಿ ತೆಗೆದು ಕೈಯಲ್ಲಿ ಹಿಡಿದು, ಹುಣಸೂರಿನ ಸುದ್ದಿ ಹೇಳಲು ಒಳಗೆ ಬರುವಷ್ಟರಲ್ಲಿ, ಅವನು ಒಲೆಯ ಸೌದೆಯನ್ನು ಈಚೆಗೆಳೆದು ನೀರು ಚೆಲ್ಲಿದ್ದ.