ಮಾವ ಹೇಳದ ಸಮುದ್ರ

ಆಗ ನಮ್ಮ ಜಿಲ್ಲೆ ಮುಂಬಯಿ ಪ್ರಾಂತಕ್ಕೆ ಸೇರಿತ್ತು. ರಾಜಧಾನಿ ಅಂದರೆ ನಮಗೆ ಮುಂಬಯಿಯೇ. ಬೆಂಗಳೂರು ಬೇರೆ ಯಾರದೋ ಊರು. ನಮ್ಮ ಹೊಳನಗದ್ದೆಯಲ್ಲಿ ಮುಂಬಯಿ ಕಂಡವರು ಬೆರಳೆಣಿಕೆಯಷ್ಟು, ಮುಂಬಯಿಯ ಬಗ್ಗೆ ಹೇಳುವವರು ಮಾತ್ರ ಮನೆಗೊಬ್ಬರು. ಅವರೆಲ್ಲರ ಬಾಯಿ ಮುಚ್ಚಿಸಲು ನನ್ನ ಬಳಿ ಸೋದರಮಾವನಿದ್ದ. ಅವನು ಹನ್ನೆರಡು ವರ್ಷದಿಂದ ಮುಂಬಯಿಯ ಗಿರಗಾಂವದ ಒಂದು ಖಾನಾವಳಿಯಲ್ಲಿ ಅಡುಗೆಗಿದ್ದ.

ನನ್ನ ಆಯಿಗೆ, ಅಂದರೆ ತಾಯಿಗೆ, ಎರಡೂ ಕಣ್ಣಿಗೆ ಪೊರೆ ಬಂದಿತ್ತು. ಬೆಳಕು ಯಾವುದು, ಕತ್ತಲೆ ಯಾವುದು ಅನ್ನುವುದು ಬಿಟ್ಟರೆ ನಾಲ್ಕು ವರ್ಷದಿಂದ ಅವಳು ಏನನ್ನೂ ಕಂಡವಳಲ್ಲ. ಕುಮಟೆಯ ಡಾಕ್ಟರರು ಪರೀಕ್ಷೆ ಮಾಡಿ, ಇನ್ನು ತಡಮಾಡಿದರೆ ಕಣ್ಣು ಪೂರ್ತಿ ಹೋದೀತು ಎಂದು ಮುಂಬಯಿಯ ಆಸ್ಪತ್ರೆಗೆ ಚೀಟಿ ಬರೆದುಕೊಟ್ಟರು. ಅಲ್ಲಿಯ ದೊಡ್ಡ ಡಾಕ್ಟರರು ಹೊಸ ರೋಗಿಗಳನ್ನು ನೋಡುವುದು ಬುಧವಾರ ಬೆಳಿಗ್ಗೆ ಹತ್ತು ಗಂಟೆಯವರೆಗೆ ಮಾತ್ರ. ತಿಂಗಳು ಮುಗಿದರೆ ಅವರು ಮಳೆಗಾಲದವರೆಗೆ ವಿಲಾಯತಿಗೆ ಹೋಗುವವರಿದ್ದರು. ಹೋಗಿ ಮುಟ್ಟುವಷ್ಟರಲ್ಲಿ ನಮಗೆ ಉಳಿಯುವುದು ಒಂದೇ ಬುಧವಾರ.

ಮಾವನಿಗೆ ಬರೆದೆ. ಎಂಟು ಪುಟದ ಉತ್ತರ ಬಂತು. ತನಗೆ ರಜೆ ಸಿಗುವುದಿಲ್ಲ, ಆದರೆ ತಾನು ಹೇಳಿದಂತೆ ನಡೆದರೆ ರಾಜಧಾನಿಯಲ್ಲಿ ಮಗುವೂ ದಾರಿ ತಪ್ಪಲಾರದು ಎಂದಿದ್ದ. ಟ್ರಾಮಿನಿಂದ ಇಳಿಯುವಾಗ ಅದು ಹೋಗುವ ದಿಕ್ಕಿಗೇ ಮುಖ ಮಾಡಬೇಕು. ಎತ್ತರದ ಕಟ್ಟಡಗಳನ್ನು ನೋಡಬೇಕೆನಿಸಿದರೆ ಗೋಡೆಗೆ ಬೆನ್ನು ಕೊಟ್ಟು ನೋಡಬೇಕು, ನಡುರಸ್ತೆಯಲ್ಲಿ ಅಲ್ಲ. ಹೆಸರು ಹಿಡಿದು ಕರೆಯದವನಿಗೆ ಓಗೊಡಬಾರದು. ಕೊನೆಗೊಂದು ಮಾತಿನ ಕೆಳಗೆ ಎರಡು ಗೆರೆ ಎಳೆದಿದ್ದ: ದಾರಿ ತಪ್ಪಿದರೆ ಯಾರನ್ನೂ ಕೇಳಬೇಡ, ಸಮುದ್ರಕ್ಕೆ ಹೋಗು, ಸಮುದ್ರವನ್ನು ಎಡಗೈ ಬದಿಗೆ ಇಟ್ಟುಕೊಂಡು ನಡೆ, ನಮ್ಮ ಗಿರಗಾಂವದ ಚೌಪಾಟಿ ದಂಡೆ ಬಂದೇ ಬರುತ್ತದೆ. ಆ ಎಂಟು ಪುಟವನ್ನು ನಾನು ಮಂತ್ರದಂತೆ ಬಾಯಿಪಾಠ ಮಾಡಿದೆ.

ಯುದ್ಧ ಮುಗಿದಿದ್ದರೂ ನಮ್ಮ ಬಂದರಿಗೆ ಆಗಬೋಟು, ಅಂದರೆ ಉಗಿಹಡಗು, ಇನ್ನೂ ಸರಿಯಾಗಿ ಬರುತ್ತಿರಲಿಲ್ಲ. ಹಾಗಾಗಿ ಮೋಟಾರಿನಲ್ಲಿ ಘಟ್ಟ ಹತ್ತಿ ಹುಬ್ಬಳ್ಳಿಗೆ, ಅಲ್ಲಿಂದ ರೈಲಿನಲ್ಲಿ ಮುಂಬಯಿಗೆ ಹೋದೆವು. ಮಂಗಳವಾರ ಸಂಜೆ ಖಾನಾವಳಿ ತಲುಪಿದಾಗ ಮಾವ ಒಲೆಯ ಮುಂದಿದ್ದ. ಅಕ್ಕನ ಕಾಲು ಮುಟ್ಟಿ, ಮತ್ತೆ ಒಲೆಗೆ ಓಡಿದ.

ಬುಧವಾರ ಬೆಳಕು ಹರಿಯುತ್ತಲೇ ನಾವಿಬ್ಬರೂ ಟ್ರಾಮು ಹತ್ತಿದೆವು. ನಾನು ಮೆಟ್ರಿಕ್ ಪಾಸಾದವ, ತಾಲೂಕು ಕಚೇರಿಯ ಕಾರಕೂನ, ಸೊಕ್ಕಿಗೆ ಕಡಿಮೆಯಿರಲಿಲ್ಲ. ಆದರೆ ಆ ಊರು ನನ್ನನ್ನು ಐದೇ ನಿಮಿಷದಲ್ಲಿ ಬೆಪ್ಪನನ್ನಾಗಿ ಮಾಡಿತು. ಮನೆಯ ಮೇಲೆ ಮನೆ, ಅದರ ಮೇಲೆ ಮತ್ತೆ ಮನೆ, ಗಡಿಯಾರವಿರುವ ಗೋಪುರ, ಗಾಜಿನ ಹಿಂದೆ ನಿಂತ ಗೊಂಬೆಗಳಿಗೆ ನಮ್ಮೂರ ಮದುಮಗಳಿಗೂ ಸಿಗದ ಸೀರೆ. ಕಾಣದ ಆಯಿಗೆ ಇದನ್ನೆಲ್ಲ ಹೇಳದೆ ಇರಲಾಗಲಿಲ್ಲ. ಒಂದೊಂದನ್ನೂ ವರ್ಣಿಸುತ್ತ ಹೋದೆ.

"ಮೇಲಿನ ಮನೆಯವು ನೀರಿಗೆ ಎಲ್ಲಿಗೆ ಹೋಗ್ತ?" ಎಂದು ಆಯಿ ಕೇಳಿದಳು. ಅವಳ ತವರು ಗೇರುಸೊಪ್ಪೆಯ ಆಚೆಯ ತೋಟದೂರು. ಮಾತು ಕೊನೆಯವರೆಗೂ ಅಲ್ಲಿಯದೇ.

"ನೀರೇ ಮೇಲೆ ಹತ್ತಿ ಬತ್ತಡ ಆಯಿ."

"ಸುಳ್ಳು ಹೇಳಡ," ಎಂದು ನಕ್ಕಳು.

ಹೀಗೆ ನೋಡುತ್ತ, ಹೇಳುತ್ತ ಇಳಿಯಬೇಕಾದ ಜಾಗ ಯಾವಾಗ ದಾಟಿತೋ ತಿಳಿಯಲಿಲ್ಲ. ಟ್ರಾಮು ತನ್ನ ಕೊನೆಯ ನಿಲ್ದಾಣದಲ್ಲಿ ನಿಂತಾಗ ಆಸ್ಪತ್ರೆಯೂ ಇಲ್ಲ, ಗುರುತಿನ ಅಂಗಡಿಯೂ ಇಲ್ಲ. ಕಂಡಕ್ಟರನನ್ನು ಕೇಳಬಹುದಿತ್ತು. ತಾನು ಹಿಡಿದ ಮೊಲಕ್ಕೆ ಮೂರೇ ಕಾಲು ಅನ್ನುವ ಜಾತಿ ನನ್ನದು. ಮಾವ ಕೇಳಬೇಡ ಎಂದಿದ್ದಾನೆ, ಕೇಳಲಿಲ್ಲ. ಗಾಳಿಯಲ್ಲಿ ಉಪ್ಪಿನ ವಾಸನೆಯಿತ್ತು. ಆಯಿಯ ಕೈ ಹಿಡಿದು ವಾಸನೆಯ ಜಾಡಿನಲ್ಲಿ ನಡೆದೆ. ಗೋದಾಮುಗಳ ಸಂದು ದಾಟಿದ್ದೇ ತಡ, ಸಮುದ್ರ.

ಸೂರ್ಯ ಸಮುದ್ರದ ಮೇಲಿದ್ದ. ಹುಟ್ಟಿದಂದಿನಿಂದ ನಾನು ಸೂರ್ಯನನ್ನು ಸಮುದ್ರದ ಮೇಲೆ ಕಂಡದ್ದು ಹೊತ್ತು ಮುಳುಗುವಾಗ ಮಾತ್ರ. ಸಂಜೆಯಾಗಿಹೋಯಿತು, ಡಾಕ್ಟರರು ಎದ್ದು ಹೋದರು, ಆಯಿಯ ಕಣ್ಣನ್ನು ನಾನೇ ಕಳೆದೆ, ಎಂದು ಮೈಯೆಲ್ಲ ಬೆವರಿತು. ಟ್ರಾಮಿನಿಂದ ಇಳಿದು ಕಾಲು ಗಂಟೆಯೂ ಆಗಿಲ್ಲ ಎಂದು ತಲೆ ಹೇಳುತ್ತಿತ್ತು, ಕಣ್ಣು ನಂಬಲೊಲ್ಲದು. ಸಮುದ್ರವನ್ನು ಎಡಕ್ಕೆ ಮಾಡಿಕೊಂಡು ಆಯಿಯನ್ನು ಎಳೆದುಕೊಂಡೇ ಹೊರಟೆ.

ಹತ್ತು ಮಾರು ನಡೆದು ಆಯಿ ನಿಂತುಬಿಟ್ಟಳು. ಮುಖವನ್ನು ನೀರಿನ ಕಡೆ ತಿರುಗಿಸಿದಳು.

"ತಮಾ, ಸಮುದ್ರ ಈ ಬದಿಗೆ ಇದ್ದು ಅಲ್ದಾ?"

"ಹೌದೇ, ಬಾ ಬೇಗ."

"ಬೆಳಗಿನ ಬಿಸಿಲೂ ಈ ಬದಿಯಿಂದಲೇ ಬತ್ತಾ ಇದ್ದು. ಇದು ನಮ್ಮ ಸಮುದ್ರ ಅಲ್ಲ. ಇದು ಮೂಡಣ ಬದಿ ಸಮುದ್ರ."

ಆಗ ನಾನು ನಿಜವಾಗಿ ನೋಡಿದೆ. ನಮ್ಮ ಸಮುದ್ರದ ಆಚೆ ಬರೀ ಆಕಾಶ. ಇದರ ಆಚೆ ನೀಲಿ ಗುಡ್ಡಗಳಿದ್ದವು. ಗುಡ್ಡದ ಮೇಲಿನಿಂದ ಬಿಸಿಲು ನೀರಿಗೆ ಇಳಿದು, ನೂರಾರು ಹಡಗಿನ ಕಂಬಗಳ ನಡುವೆ ಹಾದು ನಮ್ಮ ಕಾಲ ಬುಡದವರೆಗೆ ಹೊಳೆಯುತ್ತಿತ್ತು. ಸಮುದ್ರ ಇರುವುದು ಪಡುವಣಕ್ಕೆ ಎಂಬುದು ನನಗೆ ಬೆಂಕಿ ಸುಡುತ್ತದೆ ಎಂಬಷ್ಟೇ ನಿಜವಾಗಿತ್ತು. ಶಾಲೆಯಲ್ಲಿ ಮುಂಬಯಿಯ ನಕ್ಷೆ ಬರೆದು ಮಾಸ್ತರರಿಂದ ಶಹಬ್ಬಾಸ್ ಅನ್ನಿಸಿಕೊಂಡವನು ನಾನು. ಎರಡು ಕಣ್ಣಿದ್ದೂ ಕಾಣದ್ದನ್ನು ಆಯಿ ಕೆನ್ನೆಯಿಂದ ಕಂಡಿದ್ದಳು. ಅಂಥ ಬೆರಗು, ಅಂಥ ನಾಚಿಕೆ ಒಟ್ಟಿಗೆ ನನಗೆ ಮತ್ತೆಂದೂ ಆಗಿಲ್ಲ.

ಈ ಸಮುದ್ರವನ್ನು ಎಡಕ್ಕಿಟ್ಟು ನಡೆದರೆ ಚೌಪಾಟಿ ಬರುವಂತಿರಲಿಲ್ಲ. ಆಯಿ ಮಾವನ ಮಂತ್ರಕ್ಕೆ ಕಾಯಲಿಲ್ಲ. ಹತ್ತಿರದಲ್ಲಿ ಮೀನು ಮಾರುವ ಹೆಂಗಸೊಬ್ಬಳ ಕೂಗು ಕೇಳುತ್ತಿತ್ತು. ಅವಳನ್ನು ಕರೆದು, ಕುಮಟೆಯ ಪೇಟೆಯ ಕೊಂಕಣಿಯಲ್ಲಿ ಕಣ್ಣಿನ ಕಥೆಯನ್ನೆಲ್ಲ ಹೇಳಿದಳು. ಆ ಪುಣ್ಯಾತಗಿತ್ತಿಗೆ ಅರ್ಧ ತಿಳಿಯಿತೋ ಪೂರ್ತಿ ತಿಳಿಯಿತೋ, ಬುಟ್ಟಿಯನ್ನು ಪಕ್ಕದವಳಿಗೆ ಒಪ್ಪಿಸಿ ಆಯಿಯ ಕೈ ಹಿಡಿದಳು. ಮನೆಯಲ್ಲಿ ಮಡಿ ಮಡಿ ಎಂದು ನಮ್ಮನ್ನು ಗೋಳು ಹೊಯ್ದುಕೊಳ್ಳುತ್ತಿದ್ದ ಆಯಿ ಆ ಮೀನಿನ ಕೈಯನ್ನು ಟ್ರಾಮು ಬರುವವರೆಗೂ ಬಿಡಲಿಲ್ಲ. ಆ ಹೆಂಗಸು ಕಂಡಕ್ಟರನಿಗೆ ನಮ್ಮನ್ನು ಬೈಗುಳದಂತಿದ್ದ ದನಿಯಲ್ಲಿ ಒಪ್ಪಿಸಿ ಹೋದಳು.

ಆಸ್ಪತ್ರೆಯ ಜವಾನ ಬಾಗಿಲು ಎಳೆಯುತ್ತಿದ್ದ. ನಾನು ಕಾಲು ಅಡ್ಡ ಇಟ್ಟೆ. ಅಂದಿನ ಕೊನೆಯ ರೋಗಿ ಆಯಿ. ಡಾಕ್ಟರರು ದೀಪ ಹಿಡಿದು ನೋಡಿ, ಎಡಗಣ್ಣು ಕೈಬಿಟ್ಟಿದೆ, ಬಲಗಣ್ಣಿಗೆ ನಾಳೆಯೇ ಆಪರೇಶನ್ ಮಾಡಿ ಹೋಗುತ್ತೇನೆ, ಉಳಿದದ್ದನ್ನು ಸಹಾಯಕರು ನೋಡಿಕೊಳ್ಳುತ್ತಾರೆ ಎಂದರು.

ಮಧ್ಯಾಹ್ನ ಖಾನಾವಳಿಯ ಹಿತ್ತಲಿನಲ್ಲಿ ಮಾವನ ಮೇಲೆ ಹರಿಹಾಯ್ದೆ. "ಮೂಡಣ ಬದಿಗೂ ಸಮುದ್ರ ಇದ್ದು ಹೇಳಿ ಎಂಟು ಪುಟದಲ್ಲಿ ಒಂದು ಸಾಲು ಬರೆಯಲೆ ಆತಿಲ್ಯಾ ನಿಂಗೆ?"

ಮಾವ ಈರುಳ್ಳಿ ಹೆಚ್ಚುತ್ತಿದ್ದ ಕೈ ನಿಲ್ಲಿಸಿದ.

"ಆ ಬದಿಗೂ ಸಮುದ್ರ ಇದ್ದಾ?" ಎಂದ.

ಅವನು ತಮಾಷೆ ಮಾಡುತ್ತಿರಲಿಲ್ಲ. ನಸುಕಿನಲ್ಲಿ ಒಲೆ ಹೊತ್ತಿಸಿದರೆ ಕೊನೆಯ ಊಟದವರೆಗೆ ಅವನಿಗೆ ಬಿಡುವಿಲ್ಲ. ಅಮಾವಾಸ್ಯೆಗೊಮ್ಮೆ ಅರ್ಧ ದಿನ ರಜೆ. ಆಗ ಚೌಪಾಟಿಗೆ ಹೋಗಿ ಕೂತು ಬರುತ್ತಿದ್ದ. ಅವನು ಕಂಡ ಮುಂಬಯಿ ಅಷ್ಟೇ. ಆ ಎಂಟು ಪುಟ ಊಟಕ್ಕೆ ಬಂದವರು ಆಡಿಕೊಂಡ ಮಾತುಗಳು. ನನ್ನ ಸಿಟ್ಟು ಇಳಿದುಹೋಯಿತು. ಒಂದು ಈರುಳ್ಳಿ ಎತ್ತಿಕೊಂಡು ಸುಲಿಯತೊಡಗಿದೆ.

ಆಪರೇಶನ್ ಆಗಿ ಆಯಿ ಕಣ್ಣಿಗೆ ಪಟ್ಟಿ ಕಟ್ಟಿಕೊಂಡು, ತಲೆ ಅಲ್ಲಾಡಿಸದೆ ಅಂಗಾತ ಮಲಗಿದ್ದಳು. ಪಟ್ಟಿ ಬಿಚ್ಚುವ ದಿನ ಮಾವ ಮಾಲೀಕನ ಹತ್ತಿರ ಜಗಳವಾಡಿ ರಜೆ ತೆಗೆದುಕೊಂಡು ಬಂದ. ತೊಳೆದ ಅಂಗಿ ಹಾಕಿ, ಮಾತಿಲ್ಲದೆ ಮಂಚದ ಕಾಲದೆಸೆಗೆ ನಿಂತ. ಸಹಾಯಕ ಡಾಕ್ಟರರು ಪಟ್ಟಿ ಬಿಚ್ಚಿ, ದಪ್ಪ ಗಾಜೊಂದನ್ನು ಅವಳ ಬಲಗಣ್ಣಿನ ಮುಂದೆ ಹಿಡಿದು, ಮೂರು ಬೆರಳು ತೋರಿಸಿ ಎಷ್ಟು ಎಂದು ಕೇಳಿದರು.

ಆಯಿ ಮೂರು ಎಂದಳು. ಅವಳು ಅಷ್ಟಕ್ಕೆ ನಿಲ್ಲದೆ ಡಾಕ್ಟರರ ಕೈ ಸರಿಸಿ, ನನ್ನನ್ನು ನೋಡಿ ನಕ್ಕು, ಮಂಚದ ಕಾಲದೆಸೆಗೆ ದೃಷ್ಟಿ ಹಾಯಿಸಿದಳು.

"ಅದ್ಯಾರಾ ತಮಾ, ಆ ಅಜ್ಜ?"

ಮಾವನಿಗೆ ಆಗ ನಲವತ್ತೂ ತುಂಬಿರಲಿಲ್ಲ.